ಹೊಸ ಹೆಂಡತಿಯ ವೀಸಾಕ್ಕೆ ನನ್ನ ಸಹಿ

ನನ್ನ ಗಂಡ ತನ್ನ ಹೊಸ ಹೆಂಡತಿಯನ್ನು ಕಾರಿನಲ್ಲೇ ಕೂರಿಸಿ, ತಾಯಿಯನ್ನು ಮುಂದೆ ಬಿಟ್ಟುಕೊಂಡು ಇನ್ನಂಜೆಯ ನಮ್ಮ ಮನೆಯ ಮೆಟ್ಟಿಲು ಹತ್ತಿದಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹೊಸಬಳ ಅಮೆರಿಕ ವೀಸಾದ ಸಂದರ್ಶನ ಹತ್ತಿರ ಬಂದಿತ್ತು. ಗಂಡನಿಗೆ ಮೊದಲೊಂದು ಮದುವೆ ಆಗಿದ್ದರೆ, ಅದು ಮುರಿದದ್ದಕ್ಕೆ ಕೋರ್ಟಿನ ಪತ್ರ ತರಬೇಕು ಎಂದು ವೀಸಾ ಕಚೇರಿಯವರು ಹೇಳಿದ್ದರಂತೆ.

ಅಂಥ ಪತ್ರ ಇರಲೇ ಇಲ್ಲ. ನಮ್ಮ ಮದುವೆ ಮುರಿದದ್ದು ಕೋರ್ಟಿನಲ್ಲಲ್ಲ, ಬೆಳ್ಮಣ್‌ನ ಅವರ ಮನೆಯ ಚಾವಡಿಯಲ್ಲಿ. ಮೂರು ವರ್ಷ ಅವನು ಅಮೆರಿಕದಲ್ಲಿ ಹೋಟೆಲಿನ ಮ್ಯಾನೇಜರ್, ನಾನು ಇಲ್ಲಿ ಅತ್ತೆಯ ಅಡುಗೆಮನೆಯಲ್ಲಿ. ನನ್ನ ವೀಸಾದ ಮಾತೆತ್ತಿದಾಗಲೆಲ್ಲ ಅರ್ಜಿ ಹಾಕಿದ್ದೇನೆ ಎನ್ನುತ್ತಿದ್ದ. ಹಾಕಿರಲಿಲ್ಲ. ಕೊನೆಗೊಂದು ದಿನ ಎರಡೂ ಕಡೆಯ ಹಿರಿಯರು ಕೂತು, ಹುಡುಗಿ ಅಲ್ಲಿಗೆ ಹೊಂದುವವಳಲ್ಲ ಎಂದು ತೀರ್ಮಾನಿಸಿದರು. ಅತ್ತೆ ಎಲ್ಲರೆದುರು ಕೈಚಾಚಿ ನನ್ನ ಕರಿಮಣಿ ತೆಗೆಸಿಕೊಂಡರು. ನನ್ನ ಸೋದರಮಾವ ತಲೆ ತಗ್ಗಿಸಿ ಕಾಫಿ ಕುಡಿದರು. ಅಲ್ಲಿಗೆ ಎಲ್ಲ ಮುಗಿಯಿತೆಂದು ಅವರೂ ತಿಳಿದರು, ನಾನೂ ತಿಳಿದೆ.

ಆಮೇಲೆ ಮಣಿಪಾಲದ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಹಿಡಿದೆ. ಅವನು ಕಾರ್ಕಳದ ಹುಡುಗಿಯನ್ನು ಮದುವೆಯಾದ ಸುದ್ದಿ ಅಲ್ಲಿಯೇ ಕಿವಿಗೆ ಬಿತ್ತು. ಹೊಟ್ಟೆ ಉರಿಯಿತು.

"ಕೂತ್ಕೊಳ್ಳಿ ಮಾಮಿ," ಎಂದೆ. ಅತ್ತೆಯನ್ನು ನಾನು ಕರೆಯುತ್ತಿದ್ದದ್ದು ಹಾಗೆಯೇ. ಆದರೆ ಮನೆಗೆ ಬಂದವರಿಗೆ ಕೊಡುವ ಬೆಲ್ಲ, ನೀರು ತಂದಿಡಲಿಲ್ಲ.

"ಡೈವೋರ್ಸಿನ ಅರ್ಜಿಗೆ ಒಂದು ಸೈನ್ ಹಾಕು ಮಗಾ. ನಿನಗೂ ಬಿಡುಗಡೆ ಅಲ್ವಾ?"

"ಕಾರಿನಲ್ಲಿ ಇರುವವಳಿಗೆ ಇದೆಲ್ಲ ಗೊತ್ತುಂಟಾ?"

ಅವನು ಆಗ ಬಾಯಿ ಬಿಟ್ಟ. "ಅವಳ ಸುದ್ದಿ ನಿನಗೆ ಎಂತಕ್ಕೆ ಮಾರಾಯ್ತಿ?"

ಅವಳಿಗೆ ಗೊತ್ತಿಲ್ಲ ಎಂದು ಅಲ್ಲಿಗೆ ಖಾತ್ರಿಯಾಯಿತು. ಎದ್ದು ನೇರ ಕಾರಿನ ಹತ್ತಿರ ಹೋದೆ. ಅವಳು ಗಾಜು ಇಳಿಸಿ ನಕ್ಕಳು.

"ಕಾಪಿ ಸಿಕ್ಕಿತಾ ಅಕ್ಕ?"

"ಯಾವ ಕಾಪಿ?"

"ಡೈವೋರ್ಸಿನದ್ದು. ನಿಮ್ಮ ಹತ್ತಿರ ಉಂಟು ಅಂತ ಹೇಳಿದ್ರು."

"ಡೈವೋರ್ಸೇ ಆಗಲಿಲ್ಲ. ಕಾನೂನಿನಲ್ಲಿ ಅವನ ಹೆಂಡತಿ ಈಗಲೂ ನಾನೇ."

ಅವಳ ಮುಖ ಬಿಳಿಚಿಕೊಂಡಿತು. ಪಾಪ ಅನಿಸಿತು. ಆದರೂ ಚಾವಡಿಯಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವಳು ಅಳಲಿಲ್ಲ. ಡ್ರೈವರನಿಗೆ, "ಕಾರ್ಕಳಕ್ಕೆ ಬಿಡಿ, ನನ್ನ ಅಮ್ಮನ ಮನೆಗೆ," ಎಂದಳು. ಕಾರು ಹೊರಟಿತು. ತಾಯಿ, ಮಗ ಅಂಗಳಕ್ಕೆ ಓಡಿ ಬರುವಷ್ಟರಲ್ಲಿ ರಸ್ತೆಯಲ್ಲಿ ಧೂಳು ಮಾತ್ರ ಇತ್ತು. ಯಾವುದಾದರೂ ರಿಕ್ಷಾದವರ ನಂಬರು ಉಂಟಾ ಎಂದು ಮಾಮಿ ಮೆಲ್ಲಗೆ ಕೇಳಿದರು. ಬಸ್ಸು ಉಂಟು ಎಂದೆ.

ಆಮೇಲೆ ಅವನು ಕಂಡಕಂಡವರನ್ನೆಲ್ಲ ನನ್ನ ಹತ್ತಿರ ಕಳಿಸಿದ. ಇಬ್ಬರೂ ಒಪ್ಪಿ ಬೇರೆಯಾಗುತ್ತೇವೆ ಎಂದು ಬರೆದುಕೊಟ್ಟರೆ ಸಾಕಂತೆ, ಕೆಲಸ ಸಲೀಸಂತೆ. ನನ್ನ ಸೋದರಮಾವನೂ ಅದನ್ನೇ ಹೇಳಲು ಬಂದರು. ಯಾರಿಗೂ ಸಹಿ ಕೊಡಲಿಲ್ಲ. ಉಡುಪಿಯ ಕೋರ್ಟಿಗೆ ನಾನೇ ಹೋದೆ. ಒಪ್ಪಿ ಬಿಟ್ಟದ್ದಲ್ಲ, ನಾನು ಹೆಂಡತಿಯಾಗಿ ಇರುವಾಗಲೇ ಇನ್ನೊಬ್ಬಳನ್ನು ಮದುವೆಯಾದದ್ದಕ್ಕೆ ಬಿಡುತ್ತಿದ್ದೇನೆ ಎಂದು ಅರ್ಜಿಯಲ್ಲಿ ಬರೆಸಿದೆ.

"ಅಷ್ಟೆಲ್ಲ ಬೇಕಾ ಅಮ್ಮ? ತುಂಬಾ ಸಮಯ ಹಿಡೀತದೆ," ಎಂದರು ವಕೀಲರು.

"ಬೇಕು ಸರ್," ಎಂದೆ.

ಸಮಯ ಹಿಡಿಯಿತು. ತೀರ್ಪಿನಲ್ಲಿಯೂ ಅದೇ ಮಾತು ಬಂತು. ಇನ್ನು ಅವನು ಯಾರನ್ನು ಕಟ್ಟಿಕೊಂಡರೂ, ಅವಳ ವೀಸಾದ ಸಂದರ್ಶನಕ್ಕೆ ಆ ತೀರ್ಪನ್ನೇ ಕೊಟ್ಟು ಕಳಿಸಬೇಕು.