ರಂಗಮ್ಮನ ಪಕ್ಕದ ಸೀಟು

ಎಂಬತ್ತನೇ ಇಸವಿಯ ಸುಮಾರಿಗೆ ನಾನು ಅಜ್ಜಂಪುರದಿಂದ ಕಡೂರಿಗೆ ದಿನಾ ಪ್ಯಾಸೆಂಜರ್ ರೈಲಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ದಾರಿಯಲ್ಲೊಂದು ಸಣ್ಣ ಸ್ಟೇಷನ್ ಮುಚ್ಚಿಹೋಗಿತ್ತು. ಟಿಕೆಟ್ ಕಿಟಕಿಗೆ ಹಲಗೆ ಹೊಡೆದಿದ್ದರೂ ರೈಲು ಮಾತ್ರ, ಅದೇನು ಅಭ್ಯಾಸವೋ, ಅಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು.

ಒಂದು ದಿನ ಬೇರೆ ಬೋಗಿ ಹತ್ತಿದ್ದೆ, ಕೂರಲು ಜಾಗವಿರಲಿಲ್ಲ. ಆ ಸ್ಟೇಷನ್ ಬಂದಾಗ ಹೂ ಮಾರುವ ರಂಗಮ್ಮ ಪಕ್ಕದಲ್ಲಿದ್ದ ಬುಟ್ಟಿಯನ್ನು ತೊಡೆಮೇಲೆ ಇಟ್ಟುಕೊಂಡಳು. ನಾನು ಕೂರಲು ಹೋದೆ.

"ಅಲ್ಲಿ ಬ್ಯಾಡ ಕಣವ್ವ, ನಮ್ಮನೆಯವ್ರು ಹತ್ತಿದ್ರು. ಈ ಸ್ಟೇಷನ್ನಲ್ಲಿ ದೀಪ ಹಚ್ಚೋರು. ಮಂಡಿನೋವು, ನಿಂತ್ಕೊಳ್ಳಕ್ಕಾಗಲ್ಲ."

ಯಾರೂ ಹತ್ತಿರಲಿಲ್ಲ. ನನ್ನ ಪಕ್ಕ ನಿಂತಿದ್ದ ಮೇಷ್ಟ್ರೊಬ್ಬರು ಮೆಲ್ಲಗೆ, "ಸ್ಟೇಷನ್ ಮುಚ್ಚಿದ ವರ್ಷವೇ ತೀರ್ಕೊಂಡ್ರಮ್ಮ," ಎಂದರು. ಎಲ್ಲಿಂದಲೋ ಸೀಮೆಎಣ್ಣೆ ವಾಸನೆ ಬಂತು.

ಅಷ್ಟರಲ್ಲಿ ಟಿಸಿ ಬಂದರು. "ಸೀಟು ಖಾಲಿ ಇದೆಯಲ್ಲಮ್ಮಾ, ಕೂತ್ಕೊಳ್ಳಿ."

ರಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಹೊಸಬರ ಮುಂದೆ ಬಾಯಿಯೇ ಬಿಡದ ನಾನು, "ಅಲ್ಲಿ ಒಬ್ರಿದಾರೆ ಸರ್," ಅಂದುಬಿಟ್ಟೆ.

"ಹಾಗಾದ್ರೆ ಅವ್ರ ಟಿಕೆಟ್ಟು?"

ರಂಗಮ್ಮ ಎಲೆಅಡಿಕೆ ಚೀಲದಿಂದ ಎರಡು ಟಿಕೆಟ್ ತೆಗೆದುಕೊಟ್ಟಳು. ಟಿಸಿ ಆ ಸೀಟನ್ನೊಮ್ಮೆ ನೋಡಿ, ಎರಡಕ್ಕೂ ತೂತು ಹೊಡೆದರು. ಯಾರದೋ ಕಾಲು ತುಳಿಯದಂತೆ ಹುಷಾರಾಗಿ ದಾಟಿ ಬಂದು ನನ್ನ ಕಡೆ ಕೈ ಚಾಚಿದರು.

ನನ್ನ ಪಾಸು ಹಿಂದಿನ ದಿನವೇ ಮುಗಿದಿತ್ತು. ಇಡೀ ಬೋಗಿಯಲ್ಲಿ ಟಿಕೆಟ್ ಇಲ್ಲದವಳು ನಾನೊಬ್ಬಳೇ.