ಫಲಕದಲ್ಲಿಲ್ಲದ ಕಲ್ಲಪ್ಪ

ಇವತ್ತು ಬೆಳಿಗ್ಗೆ ನಮ್ಮ ಜಿಪಿ ಡಾಕ್ಟರ ಹತ್ತಿರ ರಕ್ತ ಪರೀಕ್ಷೆಗೆ ಹೋಗಿದ್ದೆ. ನರ್ಸ್ ಸೂಜಿ ತೆಗೆದು, ಅಲ್ಲಿ ಒಂದು ಹತ್ತಿಯ ಉಂಡೆ ಇಟ್ಟು, ಒತ್ತಿ ಹಿಡಿದುಕೊಳ್ಳಿ ಎಂದಳು. ಒತ್ತಿ ಹಿಡಿದೆ, ಅವಳು ಅದರ ಮೇಲೆ ಟೇಪು ಅಂಟಿಸಿದಳು. ಕಾಕಾ ನೆನಪಾದರು. ಹತ್ತಿ ಕಂಡರೆ ಸಾಕು, ಅವರು ಎರಡು ಬೆರಳಲ್ಲಿ ಹಿಂಜಿ ಎಳೆ ಎಷ್ಟುದ್ದ ಬರುತ್ತದೆ ಎಂದು ನೋಡುತ್ತಿದ್ದರು. ಮಾತ್ರೆಯ ಬಾಟಲಿಗೆ ತುರುಕಿದ ಹತ್ತಿಯನ್ನೂ ಬಿಟ್ಟವರಲ್ಲ...

ಕಾಕಾ ಗ್ರೀನ್‌ಫರ್ಡ್‌ನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನವರು. ಧಾರವಾಡದ ಕಡೆ ಸರ್ಕಾರಿ ಹೊಲದಲ್ಲಿ ಹತ್ತಿ ಬೆಳೆ ನೋಡಿಕೊಳ್ಳುತ್ತಿದ್ದವರು, ನರ್ಸಾಗಿದ್ದ ಹೆಂಡತಿಯ ಜೊತೆ ಈ ಇಂಗ್ಲಿಷರ ನಾಡಿಗೆ ಬಂದು ಪಾರ್ಕ್ ರಾಯಲ್‌ನ ಚಪಾತಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ನಿಂತರು. ಹೆಂಡತಿ ತೀರಿಕೊಂಡ ಮೇಲೆ ರಜೆಯ ದಿನ ಬಸ್ಸು ಹತ್ತಿ ಸುಮ್ಮನೆ ಎಲ್ಲೆಲ್ಲೋ ಹೋಗುತ್ತಿದ್ದರು. ಹಾಗೆ ಹೋದಾಗಲೇ ಸ್ಟ್ಯಾನ್ಮೋರ್ ಕಡೆಯ ಒಂದು ಚರ್ಚಿನ ಅಂಗಳದಲ್ಲಿ ಆ ಸಮಾಧಿ ಕಣ್ಣಿಗೆ ಬಿದ್ದದ್ದು. ಕಂಪನಿ ಸೈನ್ಯದ ಕ್ಯಾಪ್ಟನ್, ಧಾರವಾಡ ಸೀಮೆಯ ರೈತರಿಗೆ ಹತ್ತಿ ಬೆಳೆಯಲು ಕಲಿಸಿದವನು ಎಂದು ಕಲ್ಲಿನ ಮೇಲೆ ಕೆತ್ತಿತ್ತಂತೆ.

"ಕಲಿಸಿದನಂತ! ಯಾರಿಗೆ? ನಮ್ಮ ಮುತ್ತ್ಯಾಗ?" ಎಂದು ಅವತ್ತು ನಮ್ಮ ಅಡುಗೆಮನೆಯಲ್ಲಿ ಕೂಗಾಡಿದ್ದರು.

ಆಮೇಲೆ ಏಳು ವರ್ಷ ಅವರಿಗೆ ಅದೇ ಕೆಲಸ. ಹಳೆಯ ಕಾಗದಪತ್ರ ಇಟ್ಟಿರುವ ಲೈಬ್ರರಿಗೆ ಹೋಗಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಕ್ಯಾಪ್ಟನ್ನನ ಪತ್ರಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಹದಿನೇಳಕ್ಕೆ ಸೈನ್ಯ ಸೇರಿದವನು, ಯುದ್ಧದಲ್ಲಿ ತೊಡೆಗೆ ಗುಂಡು ಬಿದ್ದು ಕುದುರೆ ಏರಲಾರದಾದಾಗ ಅವನನ್ನು ಬೇಸಾಯದ ಸಲಹೆಗಾರನನ್ನಾಗಿ ಕಳಿಸಿದ್ದರು. ಅಮೆರಿಕದ ಬೀಜ ತರಿಸಿ ಮುಂಗಾರಿಗೇ ಬಿತ್ತಿಸಿದ. ಎರಡು ವರ್ಷ ಬೆಳೆ ನೆಲ ಕಚ್ಚಿತು. ಮೂರನೆಯ ವರ್ಷ ಕಲ್ಲಪ್ಪ ಎಂಬ ರೈತ ಸಾಹೇಬನ ಮಾತು ಮೀರಿ, ಎರಿ ಹೊಲದ ಕರಿ ಮಣ್ಣಿನಲ್ಲಿ ಮಳೆ ಹಿಂದೆ ಸರಿಯುವವರೆಗೆ ಕಾದು ಬಿತ್ತಿದ. ಬೆಳೆ ಬಂತು. ಕ್ಯಾಪ್ಟನ್ ಮೇಲಿನವರಿಗೆ ವರದಿ ಬರೆಯುವಾಗ ಅದು ತನ್ನದೇ ಉಪಾಯ ಎಂದ. ಕಲ್ಲಪ್ಪನ ಹೆಸರು ತಂಗಿಗೆ ಬರೆದ ಒಂದೇ ಒಂದು ಪತ್ರದಲ್ಲಿ ಇತ್ತು. ಈ ಮನುಷ್ಯ ಹೊಲದಲ್ಲಿ ಅನ್ನ ಎಸೆಯುತ್ತಾನೆ, ಹಕ್ಕಿಗಳ ಮೇಲೆ ಬಲು ಪ್ರೀತಿ ಎಂದು ಬರೆದಿದ್ದನಂತೆ.

ಕಾಕಾ ನಕ್ಕು ನಕ್ಕು ಸುಸ್ತಾಗಿದ್ದರು. ಅದು ಚರಗ. ಶೀಗಿ ಹುಣ್ಣಿಮೆಗೆ ಭೂಮಿತಾಯಿಗೆ ಹೊಲದ ತುಂಬ ಎಡೆ ಚೆಲ್ಲುವುದು. ಅಷ್ಟು ವರ್ಷ ಅಲ್ಲಿದ್ದವನಿಗೆ ಅದೂ ತಿಳಿಯಲಿಲ್ಲ.

ಅಷ್ಟರಲ್ಲಿ ನಾವು ಸ್ಟ್ಯಾನ್ಮೋರ್‌ನಲ್ಲಿ ಮನೆ ಕೊಂಡಿದ್ದೆವು. ಅಲ್ಲಿನ ಇತಿಹಾಸಾಸಕ್ತರ ಗುಂಪಿಗೆ ನಾನೂ ಸೇರಿದೆ. ಸಮಾಧಿಯ ಪಕ್ಕ ಒಂದು ಫಲಕ ಹಾಕುವ ಮಾತು ಬಂದಾಗ ಕಾಕಾ ಓದಿ ತೆಗೆದ ಸಂಗತಿ ಅವರಿಗೆ ಹೇಳಿದವಳು ನಾನೇ. ಅವರು ತಮ್ಮ ಕನ್ನಡ ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. "ತಂಗಿ, ಬ್ಯಾರೆ ಏನರ ಬಿಡು, ಕಲ್ಲಪ್ಪನ ಹೆಸರ ಬಿಡಬ್ಯಾಡ" ಅಂದರು.

ನಾನು ಇಂಗ್ಲಿಷಿಗೆ ತಂದೆ. ಗುಂಪಿನ ಹಿರಿಯ ಹೆಂಗಸು ಓದಿ, ತುಂಬ ಚೆನ್ನಾಗಿದೆ, ಸ್ವಲ್ಪ ಚಿಕ್ಕದಾಗಲಿ, ಸ್ವಲ್ಪ ಮೆತ್ತಗಾಗಲಿ ಎಂದಳು. ಹೆಸರು ತೆಗೆ ಎಂದು ಯಾರೂ ನನ್ನ ಕುತ್ತಿಗೆ ಹಿಡಿಯಲಿಲ್ಲ. ಒಳ್ಳೆಯ ರಸ್ತೆಗೆ ಹೊಸದಾಗಿ ಬಂದಿದ್ದೆ, ಆ ಮನೆಗಳಲ್ಲಿ ಚಹಾಕ್ಕೆ ಕರೆಸಿಕೊಳ್ಳುವ ಆಸೆಯಿತ್ತು. ಕಲ್ಲಪ್ಪನನ್ನು ತೆಗೆದು 'ಸ್ಥಳೀಯ ರೈತರ ನೆರವಿನಿಂದ' ಎಂದು ಬರೆದೆ. ನೋಟ್‌ಬುಕ್ ಹಿಂದಿರುಗಿಸಿದಾಗ ಕಾಕಾಗೆ ಹೇಳಲಿಲ್ಲ. ಹೇಳಿದರಾಯಿತು, ಹೇಳಿದರಾಯಿತು ಎಂದು ಮುಂದೂಡಿದೆ.

ಫಲಕ ತೆರೆದದ್ದು ಶೀಗಿ ಹುಣ್ಣಿಮೆಯ ಹತ್ತಿರದ ಒಂದು ಭಾನುವಾರ. ಕಾಕಾ ಇಸ್ತ್ರಿ ಮಾಡಿದ ಕೋಟು ಹಾಕಿ, ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ, ಕಡುಬು ಹಿಡಿದು ಬಂದಿದ್ದರು. ಕಲ್ಲಪ್ಪನ ಹೆಸರಲ್ಲಿ ಅಲ್ಲಿಯ ಹುಲ್ಲಿನ ಮೇಲೆ ಚರಗ ಚೆಲ್ಲಬೇಕೆಂದಿದ್ದರಂತೆ. ಪರದೆ ಸರಿಸಿ ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಹತ್ತಿರ ಹೋಗಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕೊನೆ ಮುಟ್ಟಿ ಮತ್ತೆ ಮೇಲಿನಿಂದ ಓದಿದರು.

"ಕಲ್ಲಪ್ಪ ಎಲ್ಲದಾನ ತಂಗಿ?"

"ಜಾಗ ಸಾಲಲಿಲ್ಲ ಕಾಕಾ. ಸ್ಥಳೀಯ ರೈತರು ಅಂತ ಇದೆಯಲ್ಲ, ಅದ್ರಲ್ಲಿ ಅವ್ರೂ ಬಂದ ಹಾಗೇ ಅಲ್ವಾ?"

"ಹಂಗಾರ ಸಾಹೇಬನ್ನೂ ಯಾರೋ ಒಬ್ಬ ಸಿಪಾಯಿ ಅಂತ ಬರದ ಬಿಡಬೇಕಿತ್ತು."

ಫಲಕದ ಕೆಳಗೆ ಸಣ್ಣ ಅಕ್ಷರದಲ್ಲಿ, ಸಂಶೋಧನೆ ಎಂದು ಕಾಕಾ ಹೆಸರು, ಅನುವಾದ ಎಂದು ನನ್ನ ಹೆಸರು ಇದ್ದವು. ಎರಡಕ್ಕೂ ಜಾಗ ಸಿಕ್ಕಿತ್ತು. ಅವರು ಅದನ್ನೂ ನೋಡಿದರು. ಡಬ್ಬಿಯ ಮುಚ್ಚಳ ತೆಗೆಯದೆ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು. ನಾನು ಹಿಂದೆ ಹೋಗಲಿಲ್ಲ. ಒಳಗೆ ಚಹಾ, ಕೇಕು ಇತ್ತು.

ಆಮೇಲೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಒಂದು ಸಲ ಗ್ರೀನ್‌ಫರ್ಡ್‌ಗೆ ಹೋಗಿ ಬೆಲ್ ಒತ್ತಿದೆ. ಒಳಗೆ ಕುಕ್ಕರ್ ಕೂಗುತ್ತಿತ್ತು, ಬಾಗಿಲು ತೆರೆಯಲಿಲ್ಲ... ಮುಂದಿನ ಚಳಿಗಾಲ ಅವರು ಹೋದ ಸುದ್ದಿ ಕನ್ನಡ ಬಳಗದ ವಾಟ್ಸಾಪಿನಲ್ಲಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ. ನೋಟ್‌ಬುಕ್ಕಿಗಾಗಿ ಓಡಿ ಹೋಗುವಷ್ಟರಲ್ಲಿ ಬಾಡಿಗೆಗೆ ಕೊಟ್ಟಿದ್ದ ಕೌನ್ಸಿಲ್‌ನವರು ಫ್ಲ್ಯಾಟ್ ಖಾಲಿ ಮಾಡಿಸಿ ಆಗಿತ್ತು.

ಫಲಕ ತಿದ್ದಬೇಕೆಂದು ಗುಂಪಿಗೆ ಎರಡು ವರ್ಷದಿಂದ ಬರೆಯುತ್ತಲೇ ಇದ್ದೇನೆ. ಜಿಪಿಯಿಂದ ಮನೆಗೆ ಬಂದು ಕೂತಾಗ ಉತ್ತರ ಬಂದಿತ್ತು. ಸಂತೋಷದಿಂದ ಹೆಸರು ಸೇರಿಸುತ್ತಾರಂತೆ. ರೈತನ ಪೂರ್ತಿ ಹೆಸರು, ಊರು, ಆ ಪತ್ರ ಲೈಬ್ರರಿಯ ಯಾವ ಕಟ್ಟಿನಲ್ಲಿದೆ ಎಂಬುದನ್ನು ದಯವಿಟ್ಟು ಕಳಿಸಬೇಕಂತೆ.

ಮೂರನ್ನೂ ಕಾಕಾ ಬರೆದಿಟ್ಟಿದ್ದರು. ಆ ಪುಟ ಒಂದಲ್ಲ, ಹತ್ತು ಸಲ ಓದಿದ್ದೆ. ಇಂಗ್ಲಿಷಿನ ಮೊದಲ ಕರಡನ್ನೂ ಉಳಿಸಿಕೊಳ್ಳಲಿಲ್ಲ. ಊರಿನ ಹೆಸರು ನಾಲಿಗೆ ತುದಿಗೂ ಬರುತ್ತಿಲ್ಲ. ಬೇಕಿಲ್ಲ ಎಂದು ಹೊಡೆದುಹಾಕುವಾಗ ಯಾರು ನೆನಪಿಟ್ಟುಕೊಳ್ಳುತ್ತಾರೆ? ತೋಳಿನ ಹತ್ತಿ ತೆಗೆದು, ಕಾಕಾ ಹಾಗೆ ಎರಡು ಬೆರಳಲ್ಲಿ ಹಿಂಜಿ ನೋಡಿದೆ. ನನಗೆ ಅದೂ ಬರಲಿಲ್ಲ. ಉತ್ತರದಲ್ಲಿ 'ಕಲ್ಲಪ್ಪ' ಎಂದು ಬರೆದು, ಮುಂದೆ ಬರೆಯಲು ಏನೂ ಇಲ್ಲದೆ ಕೂತಿದ್ದೇನೆ.