ಅಕ್ಕೋರ ಏಳು ತಾಸು

ಅಕ್ಕೋರ ಎಡಗಾಲಿನ ಚಪ್ಪಲಿ ಸವೆಯುತ್ತಲೇ ಇರಲಿಲ್ಲ. ಬಲಗಾಲಿನದು ವರ್ಷದೊಳಗೆ ಹಿಮ್ಮಡಿಯ ಕಡೆ ಕಾಗದದಷ್ಟು ತೆಳ್ಳಗಾಗುತ್ತಿತ್ತು. ಎಡಗಾಲಿನದು ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆಯೇ ಇರುತ್ತಿತ್ತು. ಆ ಕಾಲು ಚಿಕ್ಕಂದಿನಲ್ಲೇ ಪೋಲಿಯೊದಿಂದ ಸೊರಗಿತ್ತು. ಮೊಣಕಾಲಿನ ಮೇಲೆ ಕೈಯೂರಿ ಒತ್ತಿ ಹಿಡಿದರೆ ಮಾತ್ರ ಒಂದು ಹೆಜ್ಜೆಯ ಮಟ್ಟಿಗೆ ನಿಲ್ಲುತ್ತಿತ್ತು. ಅವರ ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಎಡಗಾಲಿನ ಚಪ್ಪಲಿಗಳೇ ಎಂಟೋ ಹತ್ತೋ ಸಾಲಾಗಿ ಕುಳಿತಿದ್ದವು. ಯಾಕೆ ಇಟ್ಟಿದ್ದೀರಿ ಎಂದು ಕೇಳಿದರೆ, ಅವುಗಳದೇನು ತಪ್ಪು ಎನ್ನುತ್ತಿದ್ದರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ರಬಕವಿಯ ಕನ್ನಡ ಶಾಲೆಯಲ್ಲಿ ನನಗೆ ನಾಲ್ಕನೆಯ ಇಯತ್ತೆ ಕಲಿಸಿದವರು ಇವರು. ಮುಂದೆ ನಾನು ನಾಲ್ಕು ಪವರ್‌ಲೂಮಿನ ಶೆಡ್ಡು ಹಾಕಿದ್ದೂ ಅವರ ಮನೆಯ ಗೋಡೆಗೆ ಹತ್ತಿಕೊಂಡೇ. ಮನೆಯಲ್ಲಿ ಅವರು ಮರಾಠಿ ಮಾತಾಡುತ್ತಿದ್ದರು, ಹೊರಗೆ ಕನ್ನಡ. ಸಿಟ್ಟು ಬಂದರೆ ಎರಡನ್ನೂ ಬಿಟ್ಟು ಸುಮ್ಮನಾಗುತ್ತಿದ್ದರು. ಆ ಮೌನಕ್ಕೆ ನಾವು ಛಡಿಗಿಂತ ಹೆಚ್ಚು ಹೆದರುತ್ತಿದ್ದೆವು.

ಒಮ್ಮೆ ಶಾಲೆಯ ಭೂಗೋಳದ ಗುಂಡು ನನ್ನ ಕೈ ತಾಗಿ ಬಿದ್ದು ಎರಡು ಹೋಳಾಯಿತು. ಯಾರೂ ನೋಡಿರಲಿಲ್ಲ. ಅಕ್ಕೋರು ಹೋಳುಗಳನ್ನು ಮೇಜಿನ ಮೇಲಿಟ್ಟು, ಯಾರನ್ನೂ ವಿಚಾರಿಸದೆ, ಒಂದೇ ಮಾತು ಹೇಳಿದರು: “ಮಾಡಿದಾಂವ ತಾನಽ ಬಂದು ಹೇಳ್ತಾನ. ನನಗೇನು ಅವಸರ ಇಲ್ಲ.” ಮೂರು ದಿನ ನಾನು ಆ ಮೇಜಿನ ಹತ್ತಿರ ಸುಳಿಯದೆ ತಪ್ಪಿಸಿಕೊಂಡು ಓಡಾಡಿದೆ. ನಾಲ್ಕನೆಯ ದಿನ ಹೋಗಿ ಹೇಳಿದೆ. “ಆತು, ಕುಂಡ್ರು” ಎಂದು ಅಂಟಿನ ಡಬ್ಬಿ ಕೈಗಿಟ್ಟರು. ಇಬ್ಬರೂ ಕೂತು ಅಂಟಿಸಿದೆವು. ಅವರು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಅವರು ಕಾರು ತೆಗೆದುಕೊಳ್ಳುತ್ತೇನೆ ಎಂದಾಗ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹುಟ್ಟಿದಾಗಿನಿಂದ ಅವರು ಎಲ್ಲಿಗೆ ಹೋದರೂ ಯಾರದೋ ಹಿಂದೆ ಕೂತೇ ಹೋದವರು. ಮೊದಲು ಅಪ್ಪನ ಸೈಕಲ್ಲು, ಆಮೇಲೆ ಟಾಂಗಾ, ಆಮೇಲೆ ರಿಕ್ಷಾ. ಹತ್ತುವಾಗ ಒಬ್ಬರು ರಟ್ಟೆ ಹಿಡಿಯಬೇಕು, ಇಳಿಯುವಾಗ ಇನ್ನೊಬ್ಬರು. ಜಮಖಂಡಿಯಲ್ಲಿದ್ದ ಅವರ ಅಣ್ಣನ ಮಗ ಬಂದು, ಪೆಟ್ರೋಲಿನ ಹಳೇ ಕಾರು ಕೊಂಡು ಡ್ರೈವರನನ್ನು ಇಟ್ಟುಕೊಳ್ಳಿ ಎಂದು ಬುದ್ಧಿ ಹೇಳಿದ. ನಾನೂ ಹೌದೆಂದು ತಲೆಯಾಡಿಸಿದೆ. ಅಕ್ಕೋರು ಇಬ್ಬರನ್ನೂ ನೋಡಿ, “ಡ್ರೈವರನ್ನ ಇಟ್ರ ಗಾಡಿ ಅವಂದು ಆಗ್ತದ. ನಾ ಅದರಾಗಿನ ಸಾಮಾನು” ಎಂದರು.

ಮೂರು ಗಾಲಿಯ ಸ್ಕೂಟರ್ ನೋಡಿದರು. ಅದರ ಮೇಲೆ ಕಾಲೆತ್ತಿ ಕೂರಲಾಗಲಿಲ್ಲ. ಕ್ಲಚ್ಚನ್ನು ಕೈಗೆ ಬರುವಂತೆ ಮಾಡಿಕೊಡುತ್ತೇನೆಂದ ಬನಹಟ್ಟಿಯ ಮೇಸ್ತ್ರಿಯೊಬ್ಬ ಮೂರು ತಿಂಗಳು ಓಡಾಡಿಸಿ ಮಾಯವಾದ. ಕೊನೆಗೆ ಪೇಪರಿನಲ್ಲಿ ಒಂದು ಪುಟ್ಟ ಬ್ಯಾಟರಿ ಕಾರಿನ ಚಿತ್ರ ಬಂತು. ಎರಡೇ ಬಾಗಿಲು, ಗೇರಿಲ್ಲ, ಕ್ಲಚ್ಚಿಲ್ಲ. ಕೆಳಗೆ ಎರಡೇ ಪೆಡಲು, ಎರಡಕ್ಕೂ ಬಲಗಾಲು ಸಾಕು. ಆ ಚಿತ್ರವನ್ನು ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡರು. ಬೆಂಗಳೂರಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಒಬ್ಬರ ಮನೆಯ ಮುಂದಿನ ಓಣಿಯಲ್ಲಿ, ಎರಡು ವರ್ಷ ಓಡಿದ ಹಸಿರು ಬಣ್ಣದ ಕಾರಿನೊಳಗೆ ಯಾರ ಕೈಯನ್ನೂ ಹಿಡಿಯದೆ ತಾವೇ ಕೂತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟು ಬಾಗಿಲು ಹಾಕಿಕೊಂಡರು. ಅವರು ಕಾರು ಆರಿಸಿದ್ದು ಅಲ್ಲಿಗೇ ಮುಗಿದಿತ್ತು. ಅದು ಎಷ್ಟು ದೂರ ಓಡುತ್ತದೆ, ಏನು ಎತ್ತ ಎಂದು ನಾನು ಕೇಳುತ್ತಲೇ ಇದ್ದೆ.

ಸೀರೆ ಗಂಟು ಹೊತ್ತು ಬೆಂಗಳೂರಿಗೆ ಹೋಗಿದ್ದ ನಮ್ಮೂರ ಲಾರಿ ತಿರುಗಿ ಬರುವಾಗ ಅದನ್ನು ಹೇರಿಕೊಂಡು ಬಂತು. ಮಗ್ಗದ ಹಲಗೆ ಇಟ್ಟು ಇಳಿಸಿದೆವು. ಊರಿನವರು ಅದಕ್ಕೆ ‘ಅಕ್ಕೋರ ಡಬ್ಬಿ’ ಎಂದು ಹೆಸರಿಟ್ಟರು. ಸಪ್ಪಳವೇ ಇಲ್ಲದ ಗಾಡಿಯಾದ್ದರಿಂದ ಎಮ್ಮೆಗಳು ಸರಿಯುತ್ತಿರಲಿಲ್ಲ, ಕಟ್ಟೆಯ ಮೇಲಿನ ಹಿರಿಯರೂ ಸರಿಯುತ್ತಿರಲಿಲ್ಲ. ಹಾರ್ನ್ ಹೊಡೆಯುವುದು ಉದ್ಧಟತನ ಎಂದು ಅಕ್ಕೋರ ಅಭಿಪ್ರಾಯ. ಕಿಟಕಿಯಿಂದ ಕೈ ಹೊರಗೆ ಹಾಕಿ ಫೂಟುಪಟ್ಟಿಯಿಂದ ಬಾಗಿಲಿಗೆ ಟಕಟಕ ಬಡಿಯುತ್ತಿದ್ದರು. ಊರಿನ ಅರ್ಧ ಜನ ಅವರ ವಿದ್ಯಾರ್ಥಿಗಳೇ. ಆ ಸದ್ದಿಗೆ ದಡಬಡಿಸಿ ಎದ್ದು ನಿಲ್ಲುತ್ತಿದ್ದರು.

ಚಾರ್ಜು ಮಾಡುವುದು ನನ್ನ ಶೆಡ್ಡಿನಲ್ಲಿ. ಅವರ ಮನೆಯ ಕರೆಂಟು ಇದ್ದರೂ ಬುಡ್ಡಿ ದೀಪದಷ್ಟೇ. ಕಾರಿನ ಪ್ಲಗ್ಗು ಹಚ್ಚಿದರೆ ಫ್ಯೂಜು ಹಾರುತ್ತಿತ್ತು. ಮಗ್ಗದ ಲೈನಿನಲ್ಲಿ ಹಗಲು ಕರೆಂಟು ಗಟ್ಟಿಯಾಗಿರುತ್ತಿತ್ತು. ಪೂರ್ತಿ ತುಂಬಲು ಏಳು ತಾಸು. ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಹಚ್ಚಿದ ಹೊತ್ತು ಬರೆದು ಹೋಗುತ್ತಿದ್ದರು, ಏಳು ತಾಸಿಗೆ ಸರಿಯಾಗಿ ಬಂದು ಅಳಿಸುತ್ತಿದ್ದರು. ಕಾರಿನೊಳಗೂ ಎಷ್ಟು ತುಂಬಿದೆ ಎಂದು ತೋರಿಸುವ ಮುಳ್ಳೊಂದಿತ್ತು. ಅದು ತನಗೆ ತಿಳಿದಂತೆ ಹೊಯ್ದಾಡುತ್ತಿತ್ತು. “ಮುಳ್ಳು ಸುಳ್ಳು ಹೇಳ್ತದ, ತಾಸು ಹೇಳೂದಿಲ್ಲ” ಎನ್ನುತ್ತಿದ್ದರು ಅಕ್ಕೋರು.

ಒಂದು ಸಂಜೆ ಕೃಷ್ಣೆಯ ದಂಡೆಗೆ ಹೋದೆವು. ಬ್ಯಾರೇಜು ಆದ ಮೇಲೆ ಬೇಸಿಗೆಯಲ್ಲೂ ಹೊಳೆಯಲ್ಲಿ ನೀರು ನಿಲ್ಲುತ್ತಿತ್ತು. ಲೈಸೆನ್ಸ್ ಬರುವವರೆಗೆ ಅವರ ಪಕ್ಕದಲ್ಲಿ ಲೈಸೆನ್ಸ್ ಇದ್ದವನೊಬ್ಬ ಕೂರಬೇಕು, ಅದು ಕಾಯಿದೆ. ಆ ಒಬ್ಬ ನಾನೇ. ಅಲ್ಲಿ ನನ್ನನ್ನು ಇಳಿಸಿ, ಕಲ್ಲಿನ ಮೇಲೆ ಕೂರಿಸಿ, ಬಯಲಿನಲ್ಲಿ ಒಬ್ಬರೇ ಐವತ್ತು ಮಾರು ಹೋಗಿ ತಿರುಗಿ ಬಂದರು. ನಾನು ಏಳಹೋದೆ. “ಕುಂಡ್ರು, ಇನ್ನೊಂದ್ಸಲ ಹೋಗಿ ಬರ್ತೀನಿ” ಎಂದರು. ಹಾಗೆ ಆರು ಸಲ ಹೋಗಿ ಬಂದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಪಕ್ಕದ ಸೀಟು ಖಾಲಿ ಇರಬೇಕು.

ಲೈಸೆನ್ಸಿನ ಪರೀಕ್ಷೆಗೆ ಒಂದು ದಿನ ಸಿಗಲು ಡಾಕ್ಟರ ಸರ್ಟಿಫಿಕೇಟು, ಅರ್ಜಿ, ಮತ್ತೆ ಅರ್ಜಿ ಎಂದು ವರ್ಷವೇ ಹಿಡಿಯಿತು. ಅದರ ಹಿಂದಿನ ದಿನ ಬೆಳಿಗ್ಗೆ ಕಾರು ಓಡಿಸಿ ತಾಲೀಮು ಮಾಡಿ, ಬ್ಯಾಟರಿ ಬರಿದಾಗಿದೆ ಎಂದು ಹತ್ತು ಗಂಟೆಗೆ ಹಚ್ಚಿ ಹೋದರು. ಲಗ್ನದ ಸೀಜನ್ನು. ಸಾವಕಾರರು ಸೀರೆಗಾಗಿ ಎರಡು ಸಲ ಆಳು ಕಳಿಸಿದ್ದರು. ಹನ್ನೊಂದರ ಸುಮಾರಿಗೆ ಕರೆಂಟು ಇಳಿಯಿತು. ಮಗ್ಗಗಳು ಏದುಸಿರು ಬಿಟ್ಟವು, ಎಳೆ ಪಟಪಟ ಹರಿಯತೊಡಗಿದವು. ಶೆಡ್ಡಿನಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಹೆಂಗಸಿಗೆ ನಾವೆಲ್ಲ ಕಾಕು ಎನ್ನುತ್ತಿದ್ದೆವು. ಅವಳು, ಯಂತ್ರ ತಿರುಗುತ್ತಿಲ್ಲ, ಕಂಡಿಕೆ ಮುಗಿದಿವೆ ಎಂದು ಕೂಗಿದಳು. ನಾನು ಕಾರಿನ ಪ್ಲಗ್ಗು ಕಿತ್ತು, ಆ ಜಾಗಕ್ಕೆ ಕಂಡಿಕೆ ಯಂತ್ರದ್ದನ್ನು ಚುಚ್ಚಿದೆ.

ಒಂದು ತಾಸು ಎಂದುಕೊಂಡೆ. ನಾಲ್ಕು ತಾಸಿನ ಮೇಲಾಯಿತು. ನಮಗೆ ಕರೆಂಟು ಎಂದರೆ ಬಂದಾಗ ಓಡುವುದು, ಹೋದಾಗ ನಿಲ್ಲುವುದು. ಅದನ್ನು ಕಾಳಿನಂತೆ ಕೂಡಿಸಿ ಇಟ್ಟುಕೊಳ್ಳಬಹುದು, ಇಂದು ತೆಗೆದದ್ದು ನಾಳೆ ದಾರಿಯಲ್ಲಿ ಕಡಿಮೆ ಬೀಳುತ್ತದೆ ಎಂಬುದು ನನ್ನಂಥ ಮಗ್ಗದವನ ತಲೆಗೆ ಹೊಳೆಯುವುದೇ ಇಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ. ಯಾಕೆಂದರೆ ಮೂರೂವರೆಗೆ ಅವಸರದಿಂದ ಕಾರಿನ ಪ್ಲಗ್ಗು ತಿರುಗಿ ಚುಚ್ಚಿದವನೂ ನಾನೇ. ಐದಕ್ಕೆ ಅಕ್ಕೋರು ಬಂದು, ಬಾಗಿಲ ಮೇಲಿನ ಹತ್ತನ್ನು ಅಂಗೈಯಿಂದ ಅಳಿಸಿ, ಗಾಡಿ ತೆಗೆದುಕೊಂಡು ಹೋದರು. ನಾನು ಮಗ್ಗದ ಸಪ್ಪಳದ ಹಿಂದೆ ಅವಿತು ನಿಂತಿದ್ದೆ.

ಮರುದಿನ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದರು. ಹೊರಡುವಾಗ ಮುಳ್ಳು ಕೆಳಗಿತ್ತು. ಅವರು ಬೆರಳಿನಿಂದ ಅದನ್ನು ತಟ್ಟಿ ನಕ್ಕರು. ಆಗ ಹೇಳಬಹುದಿತ್ತು. ಸಾಕಾದೀತು ಎಂದುಕೊಂಡೆ. ಪರೀಕ್ಷೆ ನಡೆಯುವ ಜಮಖಂಡಿಯವರೆಗೂ ಸಾಕಾಯಿತು. ಅಲ್ಲಿ ಇನ್‌ಸ್ಪೆಕ್ಟರರು ಪಕ್ಕದಲ್ಲಿ ಕೂತರು, ನಾನು ರಸ್ತೆಯ ಬದಿಗೆ ನಿಂತೆ. ಅಕ್ಕೋರು ಹಿಂದೆ ತಿರುಗಿಸಿದರು, ಸಾಲುಗಲ್ಲುಗಳ ನಡುವೆ ನಡೆಸಿದರು, ಒಂದೂ ತಪ್ಪಲಿಲ್ಲ. ಕೊನೆಯದು ಏರು. ಏರಿನ ಅರ್ಧದಲ್ಲಿ ಕಾರು ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತೇಬಿಟ್ಟಿತು.

ಇನ್‌ಸ್ಪೆಕ್ಟರರು ಒಳ್ಳೆಯ ಮನುಷ್ಯ. “ಅಕ್ಕೋರ, ಹಿಂಗ ನಡುದಾರ್‍ಯಾಗ ನಿಂತ್ರ ನಾ ಹೆಂಗ ಸಹಿ ಮಾಡ್ಲಿರಿ? ಗಾಡಿ ಛಲೋ ಮಾಡಿಸ್ಕೊಂಡು ಇನ್ನೊಮ್ಮೆ ಬರ್ರಿ” ಎಂದರು.

ಕಬ್ಬು ಇಳಿಸಿ ಖಾಲಿ ಹೊರಟಿದ್ದ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ ಕಾರನ್ನು ರಬಕವಿಗೆ ಎಳೆತಂದೆವು. ಬನಹಟ್ಟಿಯ ಪೇಟೆಯಲ್ಲಿ ಜನ ಅಂಗಡಿಯಿಂದ ಹೊರಬಂದು ನೋಡಿದರು. ಅಕ್ಕೋರು ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದರು. ದಾರಿಯಲ್ಲಿ ಒಮ್ಮೆ ಮಾತ್ರ ಮಾತಾಡಿದರು: “ಹತ್ತಕ್ಕ ಹಚ್ಚೀನಿ, ಐದಕ್ಕ ತಗದೀನಿ. ಏಳು ತಾಸು. ನಾ ಎಲ್ಲಿ ತಪ್ಪಿದೆ, ತಮ್ಮಾ?” ನಾನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದೆ.

ಆಮೇಲೆ ಅವರು ಕಾರನ್ನು ನನ್ನ ಶೆಡ್ಡಿಗೆ ತರಲಿಲ್ಲ. ಮನೆಯ ಮುಂದಿನ ಬೇವಿನ ಕೆಳಗೆ ನಿಲ್ಲಿಸಿದರು. ನಾನು ಎರಡು ದಿನಕ್ಕೊಮ್ಮೆ ಹೋಗಿ, ಹಚ್ಚೋಣ ಬನ್ನಿ, ಹಗಲೆಲ್ಲ ಕರೆಂಟು ನಿಮ್ಮದೇ ಎಂದು ಗೋಗರೆದೆ. “ಹಚ್ಚೂಣು, ಅವಸರೇನದ?” ಎನ್ನುತ್ತಿದ್ದರು, ಮತ್ತು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದರು. ಮನಸ್ಸು ಮುರಿದಿದೆ ಪಾಪ ಎಂದುಕೊಂಡು ನಾನು ಎದ್ದು ಬರುತ್ತಿದ್ದೆ. ಬರಿದಾದ ಬ್ಯಾಟರಿ ತುಂಬಿಸದೆ ಇಟ್ಟರೆ ಸಾಯುತ್ತದೆ. ಮಳೆಗಾಲ ಮುಗಿಯುವುದರೊಳಗೆ ಅದೂ ಸತ್ತಿತು. ಗಾಲಿಗಳ ಗಾಳಿ ಇಳಿಯಿತು. ಅಕ್ಕೋರು ಮತ್ತೆ ರಿಕ್ಷಾದ ಹಿಂದೆ ಕೂತು ಹೋಗತೊಡಗಿದರು. ರಟ್ಟೆ ಹಿಡಿದು ಹತ್ತಿಸಲು ಬಹಳ ಸಲ ನಾನೇ ಓಡಿ ಹೋಗುತ್ತಿದ್ದೆ. ಹಾಗೆ ಓಡಿದರೆ ಎದೆಯ ಭಾರ ಇಳಿದೀತು ಎಂಬ ಹಂಚಿಕೆ.

ಆರು ವರ್ಷಗಳ ನಂತರ ಅವರು ತೀರಿಕೊಂಡರು. ಮಣ್ಣು ಮುಗಿಸಿ ಬಂದು ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದೆ. ಮಗ್ಗಗಳು ಬಂದ್ ಆಗಿದ್ದವು. ಯಾರಿಗಾದರೂ ಹೇಳದೆ ಇರಲಾಗದೆ, ಕಂಡಿಕೆಯ ಕಾಕುವಿನ ಮುಂದೆ ಅಂದಿನ ಪ್ಲಗ್ಗಿನ ಸಂಗತಿ ತೆಗೆದೆ. ಪಾಪ, ಅಕ್ಕೋರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ ಎಂದೆ.

ಕಾಕು ಸೆರಗಿನಿಂದ ಮೂಗು ಒರೆಸಿಕೊಂಡಳು. “ಗೊತ್ತಿತ್ತರೀ ಅವರಿಗೆ. ಗಾಡಿ ಎಳಕೊಂಡು ಬಂದ ಮರುದಿನಾನ ನನ್ನ ಕೇಳಿದ್ರು, ನಾ ಖರೆ ಹೇಳಿಬಿಟ್ನಿ. ನಿಮ್ಮ ಮುಂದ ಅನಬ್ಯಾಡ ಅಂದ್ರು. ಅಂವಾ ತಾನಽ ಬಂದು ಹೇಳ್ತಾನ, ಆವಾಗ ಗಾಡಿ ತರ್ತೀನಿ ಅಂದ್ರು.”

ನಾಲ್ಕನೆಯ ಇಯತ್ತೆಯಲ್ಲಿ ನನಗೆ ಮೂರು ದಿನ ಹಿಡಿದಿತ್ತು. ಅಕ್ಕೋರು ಈ ಸಲ ಆರು ವರ್ಷ ಕಾದರು.